ಗೋಡೆ ದಾಟಿದ ತಂತಿ

ಅಂದು ಫಜರ್ ನಮಾಜಿಗೆ ವುಜೂ ಮಾಡಲು ನಲ್ಲಿ ತಿರುಗಿಸಿದ ಅಮ್ಮಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. "ನಲ್ಲಿ ಕಚ್ಚುತ್ತಿದೆ" ಎಂದರು. 2022ರ ಜುಲೈ ತಿಂಗಳು. ಬೀದರಿನಲ್ಲಿ ನಾಲ್ಕು ದಿನಗಳಿಂದ ಜಡಿಮಳೆ. ವಯಸ್ಸಾದವರ ಕೈ, ಜೋಮು ಹಿಡಿದಿರಬೇಕು ಎಂದುಕೊಂಡೆವು ನಾವಿಬ್ಬರು ಅಣ್ಣತಮ್ಮಂದಿರು. ಮರುದಿನ ಮನೆಯ ಆರು ವರ್ಷದ ಮಗು ಅದೇ ನಲ್ಲಿ ಮುಟ್ಟಿ ಅಳುತ್ತ ಓಡಿ ಬಂದಾಗ ಜೋಮಿನ ಮಾತು ಬಿಟ್ಟೆವು.

ನಮ್ಮ ಮನೆ ಚೌಬಾರಾದಿಂದ ಸ್ವಲ್ಪ ದೂರದ ಒಂದು ಓಣಿಯಲ್ಲಿದೆ. ಕೆಂಪು ಕಲ್ಲಿನ ಗೋಡೆ, ಗಚ್ಚಿನ ಗಿಲಾವು, ಗೋಡೆಯ ದಪ್ಪ ಎರಡಡಿಗೂ ಹೆಚ್ಚು. ಬೀದರಿನ ಕೆಂಪು ಕಲ್ಲಿಗೆ ಒಂದು ಗುಣವಿದೆ. ಮೈಯೆಲ್ಲ ತೂತು, ಮಳೆಗಾಲದಲ್ಲಿ ನೀರು ಕುಡಿದರೆ ದೀಪಾವಳಿಯವರೆಗೂ ಬಿಡುವುದಿಲ್ಲ. ಒಂದು ಕಾಲಕ್ಕೆ ಇದು ಒಂದೇ ಮನೆಯಾಗಿತ್ತು. ನಡುವೆ ಅಂಗಳ, ಸುತ್ತ ಕೋಣೆಗಳು. 1994ರಲ್ಲಿ ಅಬ್ಬಾ ಮತ್ತು ಚಾಚಾ ಪಾಲಾದರು. ಅಂಗಳದ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ದಾದಿಯ ಕೋಣೆ ಚಾಚಾ ಕಡೆಗೆ ಹೋಯಿತು, ಬಚ್ಚಲು ನಮ್ಮ ಕಡೆಗೆ ಬಂತು. ಚಾಚಾ ಅದೇ ವರ್ಷ ಬೇರೆ ಮೀಟರು ಹಾಕಿಸಿಕೊಂಡರು. ಹಳೆಯ ಆರ್.ಆರ್. ನಂಬರು ದಾದಾ ಅವರ ಹೆಸರಿನಲ್ಲೇ ನಮ್ಮ ಕಡೆ ಉಳಿಯಿತು.

1998ರಲ್ಲಿ ನಮ್ಮ ಬಿಲ್ಲು ಏರತೊಡಗಿತು. ನೋಡಲು ಬಂದ ಒಬ್ಬ ವೈರ್‌ಮನ್, "ಎಲ್ಲೋ ಒಂದು ತಂತಿ ಆ ಕಡೆ ಹೋಗಿದೆ" ಎಂದು ಹೇಳಿ ತನ್ನ ಕೂಲಿ ಪಡೆದು ಹೋದ. ಅಷ್ಟೇ ಮಾತು. ಅದು ಯಾವ ತಂತಿ, ಎಲ್ಲಿಂದ ಹೋಗಿದೆ ಎಂದು ಅವನೂ ಹುಡುಕಲಿಲ್ಲ, ನಾವೂ ಹುಡುಕಲಿಲ್ಲ. ಗೋಡೆ ಕೊರೆದು ಕರೆಂಟು ಕದಿಯುತ್ತಿದ್ದೀಯ ಎಂದು ಅಬ್ಬಾ ಅಂದರು. ಇಲ್ಲ ಎಂದು ಚಾಚಾ ಆಣೆಯಿಟ್ಟರು. ಆ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತಿತು. 2011ರಲ್ಲಿ ಅಬ್ಬಾ ತೀರಿಕೊಂಡಾಗ ಚಾಚಾ ಜನಾಜಾ ನಮಾಜಿಗೆ ಬಂದರು, ಖಬರಸ್ತಾನದಲ್ಲಿ ಮಣ್ಣು ಹಾಕಿದರು, ನಮ್ಮ ಹೊಸ್ತಿಲು ಮಾತ್ರ ತುಳಿಯಲಿಲ್ಲ. ನಂತರ ತಮ್ಮ ಕಡೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಭಾಲ್ಕಿಯಲ್ಲಿ ಮಗಳ ಮನೆಯ ಹತ್ತಿರ ಹೋಗಿ ನೆಲೆಸಿದರು.

ನಲ್ಲಿ ಕಚ್ಚಿದ ದಿನ ಇದೊಂದೂ ನಮ್ಮ ತಲೆಯಲ್ಲಿರಲಿಲ್ಲ. ಓಣಿಯ ವೈರ್‌ಮನ್ನನ್ನು ಕರೆಸಿದೆವು. ಒಂದು ಸ್ವಿಚ್ಚು ಬದಲಿಸಿದರು. ನಲ್ಲಿ ಕಚ್ಚುವುದು ನಿಲ್ಲಲಿಲ್ಲ. ಯಾರೋ ಹೇಳಿದರೆಂದು ಆರ್.ಸಿ.ಸಿ.ಬಿ. ತಂದು ಮೇನ್ ಸ್ವಿಚ್ಚಿನ ಪಕ್ಕ ಹಾಕಿಸಿದೆವು. ಹಾಕಿದ ಕ್ಷಣದಲ್ಲೇ ಅದು ಕೆಳಗೆ ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. "ಡಬ್ಬಿಯೇ ಕೆಟ್ಟಿದೆ" ಎಂದು ವೈರ್‌ಮನ್ ಅದನ್ನು ಬಿಟ್ಟು ನೇರವಾಗಿ ತಂತಿ ಜೋಡಿಸಿದರು. ಮನೆ ಮತ್ತೆ ಬೆಳಗಿತು. ನಮಗೂ ಅದೇ ಬೇಕಾಗಿತ್ತು. ಕೂಗಿ ಎಚ್ಚರಿಸುತ್ತಿದ್ದವನ ಬಾಯಿ ಕಟ್ಟಿ ನಿಶ್ಚಿಂತೆಯಿಂದ ಮಲಗಿದ ಹಾಗೆ ಆಯಿತು ಅದು.

ಆಪಾ ಅವರನ್ನು ಔರಾದಿಗೆ ಕೊಟ್ಟಿದೆ. ಅವರ ಮಗ ಬೀದರಿನಲ್ಲಿ ಐ.ಟಿ.ಐ. ಎಲೆಕ್ಟ್ರಿಷಿಯನ್ ಓದಿ ಗಲ್ಫಿಗೆ ಹೋದವನು. ಅಲ್ಲಿ ದೋಣಿ ರಿಪೇರಿಯ ಒಂದು ಅಂಗಳದಲ್ಲಿ ಕೆಲಸ. ಹಾಯಿದೋಣಿಗಳು, ಅದರಲ್ಲೂ ಹಳೆಯವು. ಮಂಜ್ರಾ ನದಿಯಲ್ಲಿ ತೆಪ್ಪ ಕೂಡ ಸರಿಯಾಗಿ ಕಾಣದ ಔರಾದಿನ ಹುಡುಗ ಹಾಯಿದೋಣಿಯ ತಂತಿ ಹುಡುಕುತ್ತಾನೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ರಜೆಗೆ ಬಂದವನು ನಾನಿಯನ್ನು ನೋಡಲು ಬೀದರಿಗೆ ಬಂದ. ನಲ್ಲಿಯ ಕಥೆ ಕೇಳಿ ಊಟಕ್ಕೂ ಕೂರದೆ ಮೊದಲು ಮೇನ್ ಸ್ವಿಚ್ಚು ಆರಿಸಿದ. ಆ ಮೇಲೆ ಬೋರ್ಡಿನ ಮುಂದೆ ನಿಂತು ನಮಗೆ ಅವನ ಕೆಲಸದ ವಿಷಯ ಹೇಳಿದ.

"ಮಾಮು, ನಲವತ್ತು ವರ್ಷ ಹಳೆಯ ದೋಣಿಗೆ ನಾಲ್ಕೈದು ಮಾಲೀಕರು ಆಗಿರುತ್ತಾರೆ. ಒಬ್ಬ ರೇಡಿಯೊ ಹಾಕಿಸುತ್ತಾನೆ, ಇನ್ನೊಬ್ಬ ಪಂಪು, ಮತ್ತೊಬ್ಬ ಫ್ರಿಜ್ಜು. ಪ್ರತಿಯೊಬ್ಬನೂ ಹೊಸ ತಂತಿ ಎಳೆಸುತ್ತಾನೆ, ಹಳೆಯದನ್ನು ಯಾರೂ ತೆಗೆಸುವುದಿಲ್ಲ. ಎಲ್ಲವೂ ಹಲಗೆಯ ಹಿಂದೆ, ನೆಲದ ಕೆಳಗೆ, ಕೂವೆಮರದ ಒಳಗೆ. ನಕ್ಷೆ ಇರುವುದಿಲ್ಲ. ಉಪ್ಪು ಗಾಳಿಗೆ ತಾಮ್ರ ಕಪ್ಪಾಗಿ ಪುಡಿಯಾಗಿರುತ್ತದೆ. ಒಳಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಇರುವವರೆಗೆ ಹೆದರಿಕೆ ಕಡಿಮೆ. ದಡಕ್ಕೆ ಕಟ್ಟಿ ದಡದ ಕರೆಂಟು ಕೊಟ್ಟರೆ ಮಾತ್ರ, ಒಂದು ತಂತಿ ನೀರಿಗೆ ಸೋರಿದರೂ ಪಕ್ಕದಲ್ಲಿ ಈಜುವವನ ಜೀವ ಹೋಗಬಹುದು."

ಅಲ್ಲಿ ಅವರಿಗೆ ಕಲಿಸುವ ಪಾಠ ಇಷ್ಟು. ಎರಡು ತುದಿಯನ್ನೂ ಕಣ್ಣಾರೆ ಕಾಣದೆ ಯಾವ ತಂತಿಯನ್ನೂ ಕತ್ತರಿಸಬಾರದು. ಕಂಡದ್ದಕ್ಕೆ ಆ ಕ್ಷಣವೇ ಚೀಟಿ ಅಂಟಿಸಬೇಕು. ಚೀಟಿ ಅಂಟಿಸಿದ್ದನ್ನು ಕಾಗದದ ಮೇಲೆ ಬರೆಯಬೇಕು. ಊಹೆಯನ್ನು ಎಂದೂ ಬರೆಯಬಾರದು.

ನಮ್ಮ ಬೋರ್ಡಿನ ಮೇಲೆ ಪಿಂಗಾಣಿಯ ನಾಲ್ಕು ಕಿಟ್‌ಕ್ಯಾಟ್ ಫ್ಯೂಜುಗಳಿದ್ದವು. ಮೇನ್ ಹಾಕಿ ಒಂದೊಂದನ್ನೇ ಕಿತ್ತು ಏನೇನು ಆರುತ್ತದೆ ನೋಡಿ ಬರೆದೆವು. ಮೊದಲನೆಯದು ಮುಂದಿನ ಕೋಣೆಗಳು. ಎರಡನೆಯದು ಹಿಂದಿನ ಕೋಣೆ ಮತ್ತು ಮೋಟಾರು. ನಾಲ್ಕನೆಯದು ಅಡುಗೆಮನೆ, ಬಚ್ಚಲು. ಮೂರನೆಯದನ್ನು ಕಿತ್ತರೆ ಏನೂ ಆರಲಿಲ್ಲ. ಹಾಗಾದರೆ ಅದು ಖಾಲಿ ಎಂದೆವು ನಾವು. "ಏನೂ ಆರದ ಫ್ಯೂಜಿಗೇ ನನಗೆ ಹೆದರಿಕೆ" ಎಂದ ಅವನು.

ಮೂರನೆಯ ಫ್ಯೂಜಿನ ತಂತಿಗೆ ಅವನು ಕ್ಲಾಂಪ್ ಮೀಟರು ಹಿಡಿದ. ಒಂದೂ ದೀಪ ಉರಿಸದ ಆ ತಂತಿಯಲ್ಲಿ 0.2 ಆಂಪಿಯರ್ ಹರಿಯುತ್ತಿತ್ತು. ಅಳತೆ ಚಿಕ್ಕದು. ಆದರೆ 230 ವೋಲ್ಟಿನ ಮೇಲೆ ಅದು 46 ವ್ಯಾಟ್. ಹಗಲು ರಾತ್ರಿ ಹರಿದರೆ ತಿಂಗಳಿಗೆ ಸುಮಾರು 33 ಯೂನಿಟ್. ಅಷ್ಟು ಕರೆಂಟನ್ನು ಮಳೆಗಾಲದ ಗೋಡೆ ಕುಡಿಯುತ್ತಿತ್ತು. ಫ್ಯೂಜು ಕಿತ್ತು ನಲ್ಲಿಯ ಮೇಲೆ ಮೀಟರು ಇಟ್ಟ. ಕಚ್ಚುವುದು ನಿಂತಿತ್ತು.

ಹಾಗಾದರೆ ಇಷ್ಟು ವರ್ಷ ಏಕೆ ಕಚ್ಚಲಿಲ್ಲ? ಅದಕ್ಕೂ ಉತ್ತರ ಸಿಕ್ಕಿತು. ನಮ್ಮ ಮನೆಗೆ ಬೇರೆ ಅರ್ತಿಂಗ್ ಗುಂಡಿ ಇರಲೇ ಇಲ್ಲ. ಹಳೆಯ ಕಾಲದ ಅನೇಕ ಮನೆಗಳ ಹಾಗೆ ಅರ್ತ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಪೈಪು ಓಣಿಯ ನೆಲದೊಳಗೆ ದೂರದವರೆಗೆ ಹೋಗಿದ್ದರಿಂದ ಸೋರಿದ ಕರೆಂಟನ್ನು ಸದ್ದಿಲ್ಲದೆ ಮಣ್ಣಿಗೆ ಇಳಿಸುತ್ತಿತ್ತು. 2019ರಲ್ಲಿ ನಾವು ಬೀದಿಯಿಂದ ಬಾಗಿಲವರೆಗಿನ ಪೈಪನ್ನು ಬದಲಿಸಿ ಪ್ಲಾಸ್ಟಿಕ್ ಹಾಕಿಸಿದ್ದೆವು. ನೀರು ಚೆನ್ನಾಗಿ ಬಂತು. ನೀರಿನ ದಾರಿ ಸರಿಮಾಡುವಾಗ ಕರೆಂಟು ಇಳಿಯುವ ದಾರಿಯನ್ನು ಕಡಿದಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ. ಗೋಡೆಯೊಳಗೆ ಉಳಿದ ತುಂಡು ಕಬ್ಬಿಣ ಅಂದಿನಿಂದ ಕರೆಂಟು ಹೊತ್ತು ನಿಂತಿತ್ತು, ಯಾರ ಕೈ ಬಂದು ಮುಟ್ಟೀತು ಎಂದು.

ಈಗ ಆರ್.ಸಿ.ಸಿ.ಬಿ.ಯನ್ನು ಮತ್ತೆ ಜೋಡಿಸಿದ. ನಿಂತಿತು. ನಾವು ಅಲ್‌ಹಮ್ದುಲಿಲ್ಲಾ ಎಂದೆವು. ಅಮ್ಮಿ ಚಹಾ ಮಾಡಲು ಅಡುಗೆಮನೆಯ ದೀಪ ಹಾಕಿದರು. ಪಟ್ಟನೆ ಮನೆಯೆಲ್ಲ ಕತ್ತಲು.

ಆ ಡಬ್ಬಿಯ ಕೆಲಸ ಸರಳ. ಹೊರಟ ಕರೆಂಟು, ಮರಳಿ ಬಂದ ಕರೆಂಟು ಎರಡನ್ನೂ ಅದು ತೂಗುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಸಾಕು, ಕ್ಷಣದಲ್ಲಿ ಕಡಿದುಬಿಡುತ್ತದೆ. ಅಡುಗೆಮನೆಯ ದೀಪಕ್ಕೆ ನಮ್ಮ ಬೋರ್ಡಿನಿಂದ ಹೋದ ಕರೆಂಟು ನಮ್ಮ ಬೋರ್ಡಿಗೆ ಮರಳುತ್ತಿರಲಿಲ್ಲ. ಮತ್ತೆಲ್ಲಿಗೆ ಹೋಗುತ್ತಿತ್ತು?

ಅಮ್ಮಿಗೆ ಏನೋ ನೆನಪಾಯಿತು. "ಈ ದೀಪ ಆಗಾಗ ತಾನಾಗಿ ಆರುತ್ತದೆ. ಮೊನ್ನೆ ಬಕ್ರೀದಿನ ಹೊತ್ತಿಗೆ ಎರಡು ದಿನ ಉರಿಯಲೇ ಇಲ್ಲ" ಎಂದರು. ಹೋಲ್ಡರ್ ಸಡಿಲವಾಗಿದೆ ಎಂದು ನಾವು ಎಷ್ಟು ಸಲ ಬದಲಿಸಿದ್ದೆವೋ. ಆ ಎರಡು ದಿನ ಗೋಡೆಯಾಚೆಯ ಬಾಡಿಗೆದಾರರು ಊರಿಗೆ ಹೋಗಿದ್ದರು. ಹೋಗುವಾಗ ಮೇನ್ ಸ್ವಿಚ್ಚು ಆರಿಸಿ ಹೋಗುವುದು ಅವರ ರೂಢಿ.

ಅಳಿಯ ಪೆನ್ನು ಕೆಳಗಿಟ್ಟ. "ಮಾಮು, ನಿಮ್ಮ ದೀಪದ ನ್ಯೂಟ್ರಲ್ ಅವರ ಮನೆಯಲ್ಲಿದೆ" ಎಂದ. ಅದರ ಅರ್ಥವನ್ನೂ ಹೇಳಿದ. ಅವರು ಮೇನ್ ಆರಿಸಿ, ಇನ್ನು ಭಯವಿಲ್ಲ ಎಂದು ತಂತಿಗೆ ಕೈ ಹಾಕಿದಾಗ ನಮ್ಮ ಅಡುಗೆಮನೆಯ ಸ್ವಿಚ್ಚು ಹಾಕಿದ್ದರೆ ಆ ತಂತಿಯಲ್ಲಿ ಕರೆಂಟು ಇರುತ್ತದೆ. ಸಾಯುವವರು ಅವರು, ಕಾರಣ ನಾವು. ಇಬ್ಬರಿಗೂ ಗೊತ್ತೇ ಇರುವುದಿಲ್ಲ.

ಬಾಡಿಗೆಗೆ ಇದ್ದವರು ಒಬ್ಬ ಶಾಲಾ ಮಾಸ್ತರರು. ಮಾತು ಎತ್ತಿದ ಕೂಡಲೇ ಅವರ ಮನೆಯವರು, "ಹೌದ್ರೀ, ಮೇನ್ ಬಂದ್ ಮಾಡಿ ಬಲ್ಬ್ ಬದಲಿ ಮಾಡುವಾಗ ಒಂದ್ಸಲ ಜುಮ್ ಅಂದಿತ್ತು" ಎಂದರು. ಆದರೆ ಗೋಡೆ ಬಿಚ್ಚಬೇಕಾದರೆ ಮನೆಯ ಮಾಲೀಕರನ್ನು ಕೇಳಬೇಕು. ಮಾಲೀಕರು ಭಾಲ್ಕಿಯಲ್ಲಿ. ಅವರೊಡನೆ ನಾವು ಮಾತಾಡಿ ಇಪ್ಪತ್ತನಾಲ್ಕು ವರ್ಷ.

ಆ ರಾತ್ರಿ ನಾವು ಬಹಳ ಹೊತ್ತು ಕುಳಿತಿದ್ದೆವು. ನಮ್ಮ ಕಡೆಯ ತಂತಿ ಕತ್ತರಿಸಿ ಅಡುಗೆಮನೆಗೆ ಹೊಸ ಲೈನು ಎಳೆದುಬಿಟ್ಟರೆ ನಮ್ಮ ಕೆಲಸ ಮುಗಿಯುತ್ತಿತ್ತು. ಅಳಿಯ ಒಪ್ಪಲಿಲ್ಲ, ಎರಡೂ ತುದಿ ಕಾಣದೆ ಆಗುವುದಿಲ್ಲ ಎಂದ. ಅಮ್ಮಿ ಹೇಳಿದ್ದು ಒಂದೇ ಮಾತು: "ನಾಳೆ ಭಾಲ್ಕಿಗೆ ಹೋಗಿ ಬನ್ನಿ. ಜಗಳ ಆಡಲು ಅಲ್ಲ, ಕೇಳಲು."

ಭಾಲ್ಕಿಯಲ್ಲಿ ಚಾಚಾ ನಮ್ಮನ್ನು ಕಂಡು ಎದ್ದು ನಿಂತರು. ಯಾರೋ ತೀರಿಕೊಂಡ ಸುದ್ದಿ ತಂದಿದ್ದೇವೆ ಎಂದುಕೊಂಡರಂತೆ. ತಂತಿಯ ವಿಷಯ ಎಂದಾಗ ಮುಖ ಗಟ್ಟಿಯಾಯಿತು. "ಇನ್ನೂ ಮುಗಿದಿಲ್ಲವೇ ಅದು?" ಎಂದರು. ನಾವು ಕಾಗದದ ಮೇಲೆ ಬರೆದದ್ದನ್ನು ತೋರಿಸಿದೆವು. ಬಾಡಿಗೆದಾರರ ಜೀವದ ಮಾತು ಎಂದೆವು. ಅವರು ಬಹಳ ಹೊತ್ತು ಕಾಗದ ನೋಡಿ, "ನಾನೇ ಬರುತ್ತೇನೆ" ಎಂದರು. ಮರುದಿನದ ರೈಲಿಗೆ ಬಂದರು. ಮಾಸ್ತರರ ಬಾಗಿಲಿನಿಂದ ಒಳಗೆ ಹೋದರು, ನಮ್ಮ ಬಾಗಿಲಿನಿಂದ ಅಲ್ಲ.

ಎರಡೂ ಮನೆಯ ಮೇನ್ ಆರಿಸಿ ಕೆಲಸ ಶುರುವಾಯಿತು. ಅಳಿಯನ ಉಪಾಯ ಸರಳವಾಗಿತ್ತು. ಅಂಗಡಿಯಿಂದ 90 ಮೀಟರಿನ ಒಂದು ಸುರುಳಿ ತಂತಿ ತಂದಿದ್ದ. ಅದರ ಒಂದು ತುದಿಯನ್ನು ನಮ್ಮ ಬೋರ್ಡಿನಲ್ಲಿ ಬಿಡಿಸಿಟ್ಟ ಹಳೆಯ ತಂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದುಕೊಂಡು ಕೋಣೆ ಕೋಣೆ ತಿರುಗುವುದು. ಪೆಟ್ಟಿಗೆಯಲ್ಲಿ ಸಿಕ್ಕ ಒಂದೊಂದು ತುದಿಗೂ ಮೀಟರು ಮುಟ್ಟಿಸುವುದು. ಅದೇ ತಂತಿಯಾದರೆ ಮೀಟರು ಕೂಗುತ್ತದೆ, ಅಲ್ಲದಿದ್ದರೆ ಸುಮ್ಮನಿರುತ್ತದೆ.

ಇದನ್ನು ನೋಡುತ್ತ ನಮಗೆ ನೌಬಾದಿನ ಸುರಂಗ ಬಾವಿ ನೆನಪಾಯಿತು. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯದ ವಿದ್ಯೆಯಿಂದ ಕೆಂಪು ಕಲ್ಲಿನ ಒಳಗೆ ಕೊರೆದ ಕಾರೇಜ್ ಅದು. ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಬಾಯಿ ತೆರೆದ ಗುಂಡಿಗಳು. ಜನ ಅವನ್ನು ಹಾಳು ಬಾವಿ ಎಂದುಕೊಂಡು ಕಸ ಸುರಿಯುತ್ತಿದ್ದರು. ಅವುಗಳ ಜಾಗ ಗುರುತಿಸಿ ನಕ್ಷೆಯ ಮೇಲೆ ಸೇರಿಸಿದಾಗಲೇ ಅವೆಲ್ಲ ಒಂದೇ ನೀರಿನ ದಾರಿಯ ಗಾಳಿಬಾವಿಗಳು ಎಂದು ತಿಳಿದದ್ದು. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರು ಸ್ಥಳೀಯರ ಜೊತೆಗೂಡಿ ಇದನ್ನು ಅಳೆದರು. 2014ರಲ್ಲಿ ಬೀದರ್ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿತು. ಆ ಮೇಲಿನ ಒಂದೆರಡು ವರ್ಷಗಳಲ್ಲಿ ಅನುರಾಗ್ ತಿವಾರಿ ಜಿಲ್ಲಾಧಿಕಾರಿಯಾಗಿದ್ದಾಗ ಹೂಳು ತೆಗೆಯುವ ಕೆಲಸ ನಡೆದು ಒಳಗೆ ನೀರು ಕಂಡಿತು. ಬಿಡಿಬಿಡಿಯಾಗಿ ನೋಡಿದರೆ ಹಾಳು ಗುಂಡಿ, ಸೇರಿಸಿ ನೋಡಿದರೆ ಒಂದು ಊರಿಗೆ ನೀರು ಕೊಟ್ಟ ದಾರಿ. ನಮ್ಮ ಗೋಡೆಯ ಸ್ವಿಚ್ ಪೆಟ್ಟಿಗೆಗಳೂ ಹಾಗೆಯೇ ಒಂದೊಂದಾಗಿ ಸೇರತೊಡಗಿದವು.

ಮೀಟರು ಕೊನೆಗೆ ಕೂಗಿದ್ದು ದಾದಿಯ ಕೋಣೆಯಲ್ಲಿ.

ಬಚ್ಚಲಿನ ಮೇಲೆ, ಪಾಲಿನ ಗೋಡೆಯ ತಲೆಯ ಹತ್ತಿರ ಗಿಲಾವು ಉದುರಿಸಿದೆವು. ಒಳಗೆ ತೇಗದ ಪಟ್ಟಿ ಕಂಡಿತು. ಎರಡು ಗಾಡಿ ಕೊರೆದು, ಅದರಲ್ಲಿ ತಂತಿ ಮಲಗಿಸಿ, ಮೇಲೆ ಮರದ ಮುಚ್ಚಳ ಹೊಡೆಯುತ್ತಿದ್ದ ಹಳೆಯ ಕಾಲದ ಕೆಲಸ. ಒಳಗಿನ ತಂತಿಗೆ ಪ್ಲಾಸ್ಟಿಕ್ ಇಲ್ಲ, ರಬ್ಬರು ಮತ್ತು ಹತ್ತಿಯ ಹೊದಿಕೆ. ಬೆರಳು ತಾಗಿದರೆ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಅದಕ್ಕೆ ಆತುಕೊಂಡು ನಲ್ಲಿಯ ಕಬ್ಬಿಣದ ಪೈಪು. ಸೋರಿದ ಜಾಗ ಇದೇ. ಅಡುಗೆಮನೆಗೆ ದೀಪ ಹಾಕಿದ ಯಾರೋ ಒಬ್ಬರು ದೂರದ ಬೋರ್ಡಿನವರೆಗೆ ಹೋಗುವ ಸೋಮಾರಿತನಕ್ಕೆ ಹತ್ತಿರ ಸಿಕ್ಕ ಇದೇ ಕಪ್ಪು ತಂತಿಗೆ ನ್ಯೂಟ್ರಲ್ ತಿರುಚಿದ್ದರು. ಅದು ನಮ್ಮ ಬೋರ್ಡಿನ ಕಡೆ ಎಂದೋ ತುಂಡಾಗಿತ್ತು. ಆ ಕಡೆ, ಚಾಚಾ ಅವರ ಹೊಸ ಮೀಟರಿನ ಕಪ್ಪು ತಂತಿಗೆ ಸೇರಿಕೊಂಡಿತ್ತು. ಮೂರನೆಯ ಫ್ಯೂಜಿನ ಕೆಂಪು ತಂತಿ ದಾದಿಯ ಕೋಣೆಯ ಪೆಟ್ಟಿಗೆಯಲ್ಲಿ ಯಾವ ದೀಪಕ್ಕೂ ಸೇರದೆ ಟೇಪು ಸುತ್ತಿಕೊಂಡು ಬಿದ್ದಿತ್ತು.

ಅಳಿಯ ಏಣಿಯ ಮೇಲಿಂದ ನಮ್ಮನ್ನೂ ಚಾಚಾ ಅವರನ್ನೂ ಕರೆದ. "ಇಲ್ಲಿ ನೋಡಿ. ಗೋಡೆಯಲ್ಲಿ ತೂತು ಕೊರೆದಿಲ್ಲ. ಪಟ್ಟಿಯ ಸುತ್ತ ಇಟ್ಟಿಗೆ ಕತ್ತರಿಸಿ ಕೂರಿಸಿದ್ದಾರೆ. ಗೋಡೆ ದಾಟಿ ತಂತಿ ಹೋಗಿಲ್ಲ. ತಂತಿಯ ಮೇಲೆ ಗೋಡೆ ಬಂದಿದೆ."

ಯಾರೂ ಮಾತಾಡಲಿಲ್ಲ. ಅಮ್ಮಿ ಕೆಳಗೆ ನಿಂತಿದ್ದರು. 1960ರ ದಶಕದಲ್ಲಿ ಮನೆಗೆ ಮೊದಲ ಸಲ ಕರೆಂಟು ಬಂದಾಗ ದಾದಾ ಹಾಕಿಸಿದ ದೀಪ ಅದು. ದಾದಿ ರಾತ್ರಿ ತಹಜ್ಜುದ್ ನಮಾಜಿಗೆ ಏಳುತ್ತಿದ್ದರಲ್ಲ, ಅವರಿಗಾಗಿ. 1994ರಲ್ಲಿ ಗೋಡೆ ಕಟ್ಟಿದ ಗೌಂಡಿ ಅದನ್ನು ಕೀಳಲಿಲ್ಲ, ಮುಚ್ಚಿದ. ಹೊಸ ಮೀಟರು ಜೋಡಿಸಿದವನು ಕೆಂಪನ್ನು ಬಿಡಿಸಿ ಕಪ್ಪನ್ನು ಬಿಟ್ಟ. ಕದ್ದವರು ಯಾರೂ ಇರಲಿಲ್ಲ. 1998ರ ಬಿಲ್ಲಿನ ಎಲ್ಲ ಏರಿಕೆಗೂ ಇದೇ ಕಾರಣ ಎಂದು ಇಂದು ಅಳೆದು ಹೇಳಲಾಗದು. ಆದರೆ ವೈರ್‌ಮನ್ ಹೇಳಿದ "ಆ ಕಡೆ ಹೋದ ತಂತಿ" ಇದೇ, ಅದರಿಂದ ಚಾಚಾ ಒಂದು ದೀಪವನ್ನೂ ಉರಿಸಿರಲಿಲ್ಲ.

ಚಾಚಾ ಆ ಹತ್ತಿಯ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಭಾಯಿಜಾನ್ ಇದನ್ನು ನೋಡಬೇಕಿತ್ತು" ಎಂದರು. ಅಮ್ಮಿ ಸೆರಗು ಸರಿಮಾಡಿಕೊಂಡು, "ಒಳಗೆ ಬಂದು ಚಹಾ ಕುಡಿಯಿರಿ" ಎಂದರು. ಸ್ವಲ್ಪ ತಡೆದು, "ಬರುತ್ತೇನೆ ಭಾಬಿ" ಎಂದರು ಚಾಚಾ. ನಮ್ಮ ಹೊಸ್ತಿಲು ದಾಟುವಾಗ ಅವರ ಕಾಲು ಬಾಗಿಲ ಮೆಟ್ಟಿಲನ್ನು ಹುಡುಕಬೇಕಾಗಲಿಲ್ಲ. ಹುಟ್ಟಿದ ಮನೆ.

ಜುಮಾದ ಖುತ್ಬಾದಲ್ಲಿ ನೆರೆಯವರ ಹಕ್ಕಿನ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅತಿಯಾಗಿ ಶಂಕಿಸುವುದರಿಂದ ದೂರವಿರಿ ಎಂದು ಕುರ್‌ಆನಿನ ಹುಜುರಾತ್ ಅಧ್ಯಾಯ ಎಚ್ಚರಿಸುವುದೂ ಗೊತ್ತಿತ್ತು. ಗೊತ್ತಿದ್ದೂ ಅರ್ಧ ವಾಕ್ಯದ ಮೇಲೆ ಇಪ್ಪತ್ತನಾಲ್ಕು ವರ್ಷ ಕಳೆದೆವು. ಒಂದು ಮಧ್ಯಾಹ್ನ ಗಿಲಾವು ಉದುರಿಸಿದ್ದರೆ ಸಾಕಿತ್ತು. ಅಬ್ಬಾ ಕೆಟ್ಟವರಲ್ಲ. ಅವರು ಊಹೆಯನ್ನು ಬರೆದಿಟ್ಟುಕೊಂಡರು, ಅಷ್ಟೇ.

ಉಳಿದದ್ದು ಎರಡು ದಿನದ ಕೆಲಸ. ಹಳೆಯ ತಂತಿಯನ್ನು ಎರಡೂ ತುದಿಯಿಂದ ಬಿಡಿಸಿ ಪೂರ್ತಿ ಹೊರತೆಗೆದೆವು. ಅಡುಗೆಮನೆಗೆ ನಮ್ಮದೇ ಫೇಸು, ನಮ್ಮದೇ ನ್ಯೂಟ್ರಲ್ ಬಂತು. ಅಂಗಳದಲ್ಲಿ ಗುಂಡಿ ತೋಡಿ ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿದೆವು. ಚಾಚಾ ಕಡೆಗೂ ಅಂಥದ್ದೇ ಒಂದು ಗುಂಡಿ. ಆರ್.ಸಿ.ಸಿ.ಬಿ. ಈಗ ನಿಲ್ಲುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುತ್ತೇವೆ. ಹಳೆಯ ಮನೆಗಳಲ್ಲಿರುವ ಓದುಗರಿಗೆ ನಮ್ಮ ವಿನಂತಿ ಇಷ್ಟೇ: ನೀರಿನ ಪೈಪು ಬದಲಿಸಿದ್ದರೆ ಅರ್ತ್ ಎಲ್ಲಿಗೆ ಹೋಗಿದೆ ಎಂದು ತಿಳಿದವರಿಂದ ಒಮ್ಮೆ ನೋಡಿಸಿ. ಯಾವುದನ್ನೂ ಆರಿಸದ ಫ್ಯೂಜು ಇದ್ದರೆ ಖಾಲಿ ಎಂದು ಬಿಡಬೇಡಿ. ಆರ್.ಸಿ.ಸಿ.ಬಿ. ಪದೇ ಪದೇ ಬಿದ್ದರೆ ಅದನ್ನು ತೆಗೆಸಬೇಡಿ, ಏಕೆ ಬೀಳುತ್ತದೆ ಎಂದು ಹುಡುಕಿಸಿ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಆ ವರ್ಷ ನಾವಿಬ್ಬರೂ ನಮ್ಮ ಪಾಲಿನ ಮನೆಯನ್ನು ಮತ್ತೆ ಇಬ್ಭಾಗ ಮಾಡುವ ಮಾತು ಶುರುಮಾಡಿದ್ದೆವು. ಗೋಡೆ ಎಲ್ಲಿ ಬರಬೇಕು ಎಂದು ಸುಣ್ಣದಲ್ಲಿ ಗೆರೆಯನ್ನೂ ಹಾಕಿದ್ದೆವು. ಆ ಮಾತು ಇನ್ನೂ ಇದೆ. ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಒಂದಲ್ಲ ಒಂದು ದಿನ ಗೋಡೆ ಏಳಲೂಬಹುದು. ಆದರೆ ಗೌಂಡಿಗಿಂತ ಮೊದಲು ನಕ್ಷೆ ಎಂದು ಒಪ್ಪಿಕೊಂಡಿದ್ದೇವೆ. ಅಳಿಯ ಗಲ್ಫಿಗೆ ಮರಳುವ ಮುನ್ನ ಬರೆದುಕೊಟ್ಟ ಮನೆಯ ತಂತಿಗಳ ನಕ್ಷೆ ಬೋರ್ಡಿನ ಬಾಗಿಲ ಒಳಗೆ ಅಂಟಿದೆ, ಕನ್ನಡದಲ್ಲೂ ಉರ್ದುವಿನಲ್ಲೂ. ಅದರ ಒಂದು ಪ್ರತಿಯನ್ನು ಭಾಲ್ಕಿಗೆ ಕೊಟ್ಟುಬಂದಿದ್ದೇವೆ.